ಸೆರಗಿನ ಬಣ್ಣ

ಮುಂಬಯಿ ಪಕ್ಕದ ಡೊಂಬಿವಲಿಯ ನನ್ನ ಡಿಟಿಪಿ ಅಂಗಡಿಗೆ ಅವರು ಆಫೀಸು ಬಿಟ್ಟವರೇ ನೇರವಾಗಿ ಬರುತ್ತಿದ್ದರು. ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಮುದುಡಿದ ಅಂಗಿಯನ್ನು ನೀವಿಕೊಂಡ ಮೇಲೆಯೇ ಕೂರುವರು. ಸೀರೆ ಉಡಲು ಇಷ್ಟಪಡುವ ಗಂಡಸರಿಗಾಗಿ, ಓದುಗರ ದೇಣಿಗೆಯಿಂದಲೇ ನಡೆಯುತ್ತಿದ್ದ ಪುಟ್ಟ ಪತ್ರಿಕೆಗೆ ಅವರು ಸಂಪಾದಕರು. ಮುಖಪುಟ ಮಾತ್ರ ಬಣ್ಣದ್ದು. ಅದರ ಪ್ರೂಫನ್ನು ಬಾಗಿಲ ಬೆಳಕಿಗೆ ಹಿಡಿದು, "ಸೆರಗಿನ ಬಣ್ಣ ಸರಿ ಬರ್ಬೇಕು ಮಾರಾಯ್ರೆ" ಎನ್ನುವರು.

ಓದುಗರು ಕಳಿಸುತ್ತಿದ್ದ ಫೋಟೋಗಳಲ್ಲಿ ಹೆಚ್ಚಿನವಕ್ಕೆ ತಲೆಯೇ ಇರುತ್ತಿರಲಿಲ್ಲ. ಗುರುತು ಸಿಕ್ಕೀತೆಂದು ಕತ್ತರಿಸಿರುತ್ತಿದ್ದರು. ಇವರು ಅಂಥದ್ದನ್ನು ಹಾಕುತ್ತಿರಲಿಲ್ಲ.

"ಬೆನ್ನು ತೋರಿಸ್ಲಿ, ಬಳೆ ತೋರಿಸ್ಲಿ. ತಲೆ ಕಡಿದದ್ದು ನಂಗೆ ಬೇಡ."

ಒಮ್ಮೆ, ಅಂಥ ಫೋಟೋ ಕಳಿಸಿದ್ದ ಪಕ್ಕದೂರು ಕಲ್ಯಾಣದ ಓದುಗರೊಬ್ಬರು ಅವರಿಗೆ ಫೋನ್ ಮಾಡಿ ರೇಗಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು: "ನಿಮ್ಮ ಮಾರಿ ಯಾರರ ನೋಡ್ಯಾರೇನ್ರಿ? ಮೊದಲ ನಿಮ್ಮದು ಹಾಕ್ರಿ, ಆಮ್ಯಾಲೆ ನಮಗ ಹೇಳ್ರಿ!"

ಮರುದಿನ ಇವರು ಮುಖಪುಟಕ್ಕೆಂದು ತಂದದ್ದು ತಮ್ಮದೇ ಫೋಟೋ. ಹಸಿರು ಸೀರೆ, ನೇರಳೆ ಸೆರಗು, ಪೂರ್ತಿ ಮುಖ, ಆಫೀಸಿಗೆ ಹಾಕುವ ಅದೇ ಕನ್ನಡಕ.

"ಸರ್, ಲೋಕಲಲ್ಲಿ ಯಾರಾದ್ರೂ ಗುರ್ತು ಹಿಡಿದ್ರೆ?" ಎಂದೆ, ಪ್ರೂಫ್ ತೆಗೆದು ಕೊಡುತ್ತ.

ಅವರು ಪ್ರೂಫನ್ನು ಬೆಳಕಿಗೆ ಹಿಡಿದರು.

"ಹಿಡೀತಾರೆ. ಅದಕ್ಕೇ ಹೇಳುದು, ಸೆರಗು ನೇರಳೆ ಮಾರಾಯ್ರೆ, ಇದು ಕಪ್ಪಾಗಿದೆ. ಇನ್ನೊಮ್ಮೆ ತೆಗೀರಿ."