ಗಿರಿಜಕ್ಕನ ತಜಂಕ್

ಗಿರಿಜಕ್ಕ, ನಿಮ್ಮ ತಜಂಕ್ ಪುಟವನ್ನು ಕಂಪ್ಯೂಟರ್ ತೆಗೆದದ್ದಲ್ಲ. ನಾನು ತೆಗೆದೆ. ತಿಳಿದೇ ತೆಗೆದೆ.

ಕೈತೋಟದ ಹುಚ್ಚಿನವರು ಸೇರಿ ಗಿಡಗಳ ಮಾಹಿತಿ ತುಂಬಿಸುತ್ತಿದ್ದ ವೆಬ್‌ಸೈಟ್ ಅದು. ದಿವಾ ಸ್ಟೇಷನ್ ಹತ್ತಿರದ ನಿಮ್ಮ ಮನೆಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು; ಆ ವೆಬ್‌ಸೈಟಿನಲ್ಲಿ ನಿಮಗೆ ಖಾತೆ ತೆರೆದುಕೊಟ್ಟವನೂ ನಾನೇ. ಒಂದೇ ಗಿಡ ಎರಡು ಸಲ ಬಂದರೆ ಒಂದು ಮಾಡುವ ಕೆಲಸ ನನ್ನದು — ಸಂಬಳವಿಲ್ಲದ ಯಜಮಾನಿಕೆ. ವಾಗ್ಳೆ ಕೈಗಾರಿಕಾ ಎಸ್ಟೇಟಿನ ನನ್ನ ಆಫೀಸಿನಲ್ಲಿ ಊಟದ ಹೊತ್ತಿಗೆ ಮಾಡುತ್ತಿದ್ದೆ. ನಿಯಮ ಸರಳ: ಮೊದಲು ಬರೆದವರ ಪುಟ ಉಳಿಯಬೇಕು, ಆಮೇಲಿನದು ಅದರೊಳಗೆ ಸೇರಬೇಕು.

ನಾನು ಲ್ಯಾಟಿನ್ ಹೆಸರಿನ ಸಮೇತ 'ಚಗಟೆ' ಎಂದು ಬರೆದಿದ್ದೆ. ಅದೇ ಸೊಪ್ಪನ್ನು ನೀವು ನನಗಿಂತ ಮೊದಲೇ ನಮ್ಮ ತುಳುವಿನಲ್ಲಿ 'ತಜಂಕ್' ಎಂದು ಬರೆದಿದ್ದಿರಿ — ರೈಲು ಹಳಿಯ ಬದಿಯಲ್ಲಿ ಮೊದಲ ಮಳೆಗೆ ಏಳುವ ಕುಡಿ, ಎಷ್ಟು ಎಳೆಯದಿರುವಾಗ ಚಿವುಟಬೇಕು, ನಿಮ್ಮ ಅಮ್ಮ ಅಂಬಡೆಗೆ, ಅಂದರೆ ಸೊಪ್ಪಿನ ವಡೆಗೆ, ಹೇಗೆ ಹೆಚ್ಚುತ್ತಿದ್ದರು... ಜನ ನಿಮ್ಮ ಪುಟದ ಕೆಳಗೆ ಪ್ರಶ್ನೆ ಕೇಳಿ ಕೇಳಿ ಬರೆಯುತ್ತಿದ್ದರು. ನನ್ನ ಪುಟದತ್ತ ಒಂದು ನೊಣವೂ ಸುಳಿಯಲಿಲ್ಲ. ಹೊಟ್ಟೆಕಿಚ್ಚು — ಅದಕ್ಕೆ ಬೇರೆ ಹೆಸರಿಲ್ಲ.

ನಿಮ್ಮ ಪುಟಕ್ಕೆ 'ಡುಪ್ಲಿಕೇಟ್' ಎಂದು ಗುರುತು ಹಾಕಿದೆ. ನಿಮ್ಮ ಮಾತುಗಳನ್ನೆಲ್ಲ ನನ್ನ ಪುಟಕ್ಕೆ ಎಳೆದುಕೊಂಡೆ. ನಿಮ್ಮ ಹೆಸರನ್ನು ಮಾತ್ರ ಕೈಬಿಟ್ಟೆ.

ಆ ಭಾನುವಾರ ಫೋನ್ ಮಾಡಿದಿರಿ. "ಎನ್ನ ತಜಂಕ್ ಓಡೆ ಪೋಂಡು ಮಾರಾಯ್ರೆ?" ಎಲ್ಲಿ ಹೋಯಿತೆಂದು ಹುಡುಕುತ್ತಿದ್ದಿರಿ, ಮಗಳಿಗೆ ತೋರಿಸಲು — ಅಮ್ಮನಿಗೆ ಒಲೆಯ ಆಚೆ ಏನೂ ತಿಳಿಯದು ಎನ್ನುತ್ತಿದ್ದ ಮಗಳಿಗೆ. ಹಿಂದಿನಿಂದ ಅವಳ ನಗು ಕೇಳಿಸಿತು. "ಮಮ್ಮಿ, ತುಝಂ ನಾವ್ ಕುಠೇ ಆಹೆ?" ನಿನ್ನ ಹೆಸರೆಲ್ಲಿದೆ ಎಂದು, ಮರಾಠಿಯಲ್ಲಿ.

"ಡುಪ್ಲಿಕೇಟ್ ಅಂತ ಕಂಪ್ಯೂಟರೇ ತೆಗ್ದುಬಿಟ್ಟಿದೆ ಅಕ್ಕ," ಎಂದೆ.

ಅದಕ್ಕೆ ನೀವು, "ನಾನೇ ಎಂತದೋ ತಪ್ಪು ಒತ್ತಿರ್ಬೇಕು. ಬರ್ದದ್ದು ನಿಮ್ಮದ್ರಲ್ಲಾದ್ರೂ ಉಳೀತಲ್ಲ, ಉಪಕಾರ ಆಯ್ತು," ಎಂದಿರಿ.

ಉಪಕಾರ! ಕದ್ದವನಿಗೆ ಸಿಕ್ಕ ಮಾತು ಅದು, ನಾನು ಅದನ್ನೂ ಇಟ್ಟುಕೊಂಡೆ. ಅಲ್ಲಿಂದ ಮುಂದೆ ನೀವು ಒಂದು ಗಿಡವನ್ನೂ ಬರೆಯಲಿಲ್ಲ.

ಮೊನ್ನೆ ಡೊಂಬಿವಲಿಯ ಮದುವೆಯಲ್ಲಿ ನಿಮ್ಮ ಮಗಳು ತನ್ನ ಗಂಡನಿಗೆ ನನ್ನನ್ನು ತೋರಿಸಿ, "ಇವರಿಗೆ ಗಿಡಗಳದ್ದು ಎಲ್ಲಾ ಗೊತ್ತು. ಮಮ್ಮಿ ಸುಮ್ನೆ ಟ್ರೈ ಮಾಡಿದ್ಲು," ಎಂದಳು. ನೀವು ಪಕ್ಕದಲ್ಲೇ ನಿಂತು ತಲೆಯಾಡಿಸಿದಿರಿ. ನಾನು — ಆಗಲೂ ಬಾಯಿ ಬಿಡಲಿಲ್ಲ.

ಇಂದು ಆ ಪುಟದಿಂದ ನನ್ನ ಹೆಸರು ತೆಗೆದು ನಿಮ್ಮದನ್ನು ಹಾಕಿದೆ. ಎರಡು ನಿಮಿಷದ ಕೆಲಸ. ಇಷ್ಟು ವರ್ಷ ಮಾಡಲಿಲ್ಲ. ಈ ಭಾನುವಾರ ದಿವಾಕ್ಕೆ ಬರುತ್ತೇನೆ, ಮಗಳನ್ನೂ ಕರೆಸಿ. ಅವಳೆದುರಿಗೇ ಹೇಳುತ್ತೇನೆ, ನೀವು ಕ್ಷಮಿಸಬೇಕಾಗಿಲ್ಲ.