ಇದ್ದಿಲು ಗೂಡಿನ ನೋಟಿಸ್

ಗೆಳೆಯರೇ, ನನಗೆ ಮೊದಲ ಕೆಲಸ ಸಿಕ್ಕಿಬಿಟ್ಟಿತು!

ಆನ್‌ಲೈನ್‌ನಲ್ಲಿ ಪರಿಸರ ಕಾನೂನು ಓದುತ್ತಿದ್ದೇನಲ್ಲ, "ಫೋನಲ್ಲಿ ಓದಿದ್ ಕಾನೂನಿಗೆ ಯಾರ್ ಕೆಲ್ಸ ಕೊಡ್ತಾರವ್ವ?" ಎಂದು ಅತ್ತೆ ದಿನಾ ಕೇಳುತ್ತಿದ್ದರು. ಇವತ್ತು ಬೆಳಿಗ್ಗೆ ನಂಜಪ್ಪನವರು ಮಾಲಿನ್ಯ ನಿಯಂತ್ರಣ ಮಂಡಳಿಯ ಒಂದು ನೋಟಿಸ್ ಹಿಡಿದು ಮನೆಗೆ ಬಂದರು. ಗಂಡಸಿ ರಸ್ತೆಯಲ್ಲಿ ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುವವರು. ಅವರ ಗೂಡಿನ ಹೊಗೆ ನಮ್ಮ ಅಟ್ಟದ ಕೊಬ್ಬರಿಯವರೆಗೂ ಬರುತ್ತದೆ.

"ಹೊಗೆ ಅಂತ ಯಾವನೋ ದೂರು ಕೊಟ್ಟವ್ನೆ ಕಣವ್ವ. ನೀನು ಇದ್ನೇ ಓದ್ತಿದ್ದೀಯಂತಲ್ಲ, ಒಂದು ಉತ್ತರ ಬರ್ಕೊಡು."

ಕೋರ್ಸಿನ ಅಭ್ಯಾಸಕ್ಕೆಂದು ಆ ದೂರು ಬರೆದು, ಸುಮ್ಮನಿರಲಾರದೆ ಕಳಿಸಿಯೂ ಬಿಟ್ಟವಳು ನಾನೇ! ಹೇಳಿಯೇಬಿಟ್ಟೆ.

ಅತ್ತೆ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತರು. ನಂಜಪ್ಪನವರು ನೋಟಿಸನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಹಂಗಾದ್ರೆ ಇನ್ನೂ ವಾಸಿ. ಏನ್ ತಪ್ಪೈತೆ ಅಂತ ನಿಂಗೇ ಗೊತ್ತಲ್ಲ. ಏನೇನ್ ಸರಿ ಮಾಡ್ಬೇಕೋ ಬರಿ, ಮಾಡಿಸ್ತೀನಿ."

ಅವರು ಅತ್ತ ಹೋದದ್ದೇ ತಡ, ಅತ್ತೆ ಪಕ್ಕದಲ್ಲಿ ಬಂದು ಕೂತರು.

"ಆ ರೈಸ್ ಮಿಲ್‌ನೋರ್ ಮೇಲೂ ಒಂದ್ ದೂರು ಬರ್ದಾಕವ್ವ."