ಹೆಸರು ಕೇಳದೆ ಹತ್ತಿದ ಕುದುರೆ

ತಮ್ಮನ ಮಗನ ಮದುವೆಗೆಂದು ಜರಿ ರುಮಾಲು ಹುಡುಕುತ್ತಿದ್ದೆ. ಟ್ರಂಕಿನ ತಳದಲ್ಲಿ ರುಮಾಲಿಗಿಂತ ಮೊದಲು ಕೈಗೆ ಸಿಕ್ಕದ್ದು ಅಂಗೈಯಗಲದ ಒಂದು ಬ್ರಶ್. ಕಟ್ಟಿಗೆಯ ಬೆನ್ನು, ಅರ್ಧ ಉದುರಿದ ಕೂದಲು. ಮೂಗಿಗೆ ಹಿಡಿದೆ. ಇಪ್ಪತ್ತೈದು ವರ್ಷ ದಾಟಿದರೂ ಕುದುರೆಯ ಬೆವರಿನ ವಾಸನೆ ಹೋಗಿರಲಿಲ್ಲ.

“ಅದೇನ್ ಮೂಸಾಕತ್ತೀರಿ?” ಎನ್ನುತ್ತ ಬಂದ ನನ್ನ ಹೆಂಡತಿ, ಬ್ರಶ್ಶನ್ನು ನನ್ನ ಕೈಯಿಂದ ತೆಗೆದುಕೊಂಡಳು. ಆಮೇಲೆ, “ಕಾಕಾ ಇರಬೇಕಿತ್ತು…” ಎಂದಳು.

ಬಸವನ ಬಾಗೇವಾಡಿಯಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಆತನದು. ಸೈನ್ಯದ ಕುದುರೆ ದಳದಲ್ಲಿದ್ದು ನಿವೃತ್ತನಾಗಿ ಬಂದವನು. ಬಲಗಾಲು ಎಳೆದು ನಡೆಯುತ್ತಿದ್ದ. ಓಣಿಯವರೆಲ್ಲ ಸವಾರ ಕಾಕಾ ಎನ್ನುತ್ತಿದ್ದೆವಾದರೂ ಆತ ಕುದುರೆಯ ಹತ್ತಿರ ನಿಂತದ್ದನ್ನು ಒಬ್ಬರೂ ಕಂಡಿರಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಚೀಲ ಹೊತ್ತುಕೊಂಡು ಕುಂಟುತ್ತಲೇ ಬಂದಾನು, ಟಾಂಗಾ ಮಾತ್ರ ಹತ್ತಲಾರ. ‘ಕುದುರೆ ಕಂಡರೆ ಕಾಲುನೋವು’ ಎಂದು ನಾವು ಸೋಮಾರಿಗಳನ್ನು ಛೇಡಿಸುತ್ತೇವೆ. ಕಾಕಾನ ಮಟ್ಟಿಗೆ ಆ ಗಾದೆ ನಿಜವಾಗಿತ್ತೆಂದು ತಿಳಿದದ್ದು ಒಂದು ಭಾನುವಾರ.

ಆಗ ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಮದುವೆ ನಿಶ್ಚಯವಾಗಿತ್ತು. ಕ್ರಿಕೆಟ್ಟಿನ ಆಸೆಗೆ ಹೊಸದಾಗಿ ಕೇಬಲ್ ಹಾಕಿಸಿದ್ದೆ. ಪೇಪರು ಕೇಳಲು ಬಂದ ಕಾಕಾ ಬಾಗಿಲಲ್ಲೇ ನಿಂತುಬಿಟ್ಟ. ಟಿವಿಯಲ್ಲಿ ಯಾವುದೋ ದೇಶದ ಹಸಿರು ಗುಡ್ಡದ ಮೇಲೆ ಒಂದು ಕುದುರೆ ಎದೆಯೆತ್ತರದ ಕಟ್ಟಿಗೆಯ ದಿಮ್ಮಿ ಹಾರಿ ನೀರಿಗಿಳಿಯುತ್ತಿತ್ತು.

“ಚಾನಲ್ ತಿರುವಬ್ಯಾಡ ಮಾಸ್ತರ” ಎಂದು ಕುಳಿತ. “ಮೂರು ದಿನದ ಆಟ ಇದು. ಮೊದಲನೇ ದಿನ ಕುದುರಿ ಕುಣಸ್ತಾರ. ಎರಡನೇ ದಿನ ಹಿಂಗ ಅಡವ್ಯಾಗ, ಹಳ್ಳದಾಗ ಓಡಸ್ತಾರ. ಮೂರನೇ ದಿನ ಮೈದಾನದಾಗ ಬೇಲಿ ಜಿಗಸ್ತಾರ. ಮೂರೂ ದಿನ ಅದ ಕುದುರಿ, ಅದ ಸವಾರ.”

ನಾನು ಟಿವಿ ಬಿಟ್ಟು ಆತನನ್ನೇ ನೋಡುತ್ತಿದ್ದೆ. ಎರಡೂ ಮುಷ್ಟಿಗಳು ಮೊಣಕಾಲಿನ ಮೇಲೆ ಲಗಾಮು ಹಿಡಿದಂತೆ ನಿಂತಿದ್ದವು. ಒಂದೊಂದು ಜಿಗಿತಕ್ಕೂ ಮೈ ಮುಂದೆ ಬಾಗುತ್ತಿತ್ತು. ಅಷ್ಟರಲ್ಲಿ ಒಬ್ಬ ಸವಾರ ಬಿದ್ದ. ಆ ಕುದುರೆ ಅವನಿಗೆ ಹೊಸದು, ಜೊತೆಯಾಗಿ ಕೆಲವೇ ವಾರ ಆಗಿದೆ ಎಂದು ವೀಕ್ಷಕ ವಿವರಣೆಯಲ್ಲಿ ಹೇಳಿದಷ್ಟು ಇಂಗ್ಲಿಷ್ ನನಗೂ ತಿಳಿಯಿತು. ಬಿದ್ದವನು ಎದ್ದು ಕೈಬೀಸಿದ, ಕುದುರೆಯೂ ಎದ್ದಿತು. ಕಾಕಾ ಟವೆಲಿನಿಂದ ಮುಖ ಒರೆಸಿಕೊಂಡ.

“ನಂದು ಏಳಲಿಲ್ಲ” ಎಂದ.

ಇಂಥದೇ ಒಂದು ಪಂದ್ಯದ ತಾಲೀಮಿನ ದಿನ ಬೆಳಿಗ್ಗೆ ಕಾಕಾನ ಹೆಣ್ಣುಕುದುರೆ ಕುಂಟತೊಡಗಿತಂತೆ. ಗೆಳೆಯನ ಕುದುರೆ ಖಾಲಿ ಇತ್ತು. ಅವಸರದಲ್ಲಿ ಹತ್ತಿದ. ತನ್ನ ಕುದುರೆಗೆ ಜಿಗಿತದ ಮೊದಲು ಲಗಾಮು ಬಿಗಿ ಹಿಡಿದರೆ ಧೈರ್ಯ. ಇದಕ್ಕೆ ಬಿಗಿ ಹಿಡಿದರೆ ಗಾಬರಿ. ಅದು ಗೊತ್ತಾದದ್ದು ದಿಮ್ಮಿಯ ಮುಂದೆ. ಕುದುರೆಯ ಮುಂಗಾಲು ದಿಮ್ಮಿಗೆ ಬಡಿದು ಮುರಿಯಿತು, ಕಾಕಾನ ಸೊಂಟ ಮುರಿಯಿತು. ಕಾಕಾನನ್ನು ಆಸ್ಪತ್ರೆಗೆ ಒಯ್ದರು. ಕುದುರೆಗೆ ಗುಂಡು ಹಾಕಿದರು…

“ಅದರ ಹೆಸರ ಕೇಳಿರಲಿಲ್ಲ ನಾ. ಆಸ್ಪತ್ರ್ಯಾಗ ಮಕ್ಕೊಂಡಾಗ ಗೊತ್ತಾತು, ಬಾದಲ್ ಅಂತ. ಹೆಸರು ಕೇಳಾಕ ಎಷ್ಟೊತ್ತು ಹಿಡೀತಿತ್ತು, ಹೇಳು?”

ನಾನು ಟಿವಿ ಆರಿಸಿದೆ. ಚಹಾ ಮಾಡಿ ಕೊಟ್ಟೆ.

ನನ್ನ ಮದುವೆ ನಡೆದದ್ದು ಹೆಣ್ಣಿನವರ ಊರು ಮೋರಟಗಿಯಲ್ಲಿ. ಹಣಮಂದೇವರ ಗುಡಿಯಿಂದ ಹಂದರದವರೆಗೆ ವರ ಕುದುರೆಯ ಮೇಲೆ ಬರಬೇಕು. ನಾನೋ, ಎಮ್ಮೆಯ ಮೇಲೆ ಕೂತು ಬಿದ್ದ ಅನುಭವಸ್ಥ. ಆದರೂ ದೌಲತ್ತಿಗೇನು ಕಡಿಮೆ? ಬಿಳಿ ಕುದುರೆಯೇ ಬೇಕೆಂದು ಸಿಂದಗಿಗೆ ಹೇಳಿ ಕಳಿಸಿದ್ದೆ. ಸುಗ್ಗಿಯಂತೆ ಮದುವೆಗಳಿದ್ದ ದಿನ ಅದು. ಬಿಳಿ ಕುದುರೆ ಇನ್ನೊಂದು ಊರಿಗೆ ಹೋಗಿ, ನನ್ನ ಪಾಲಿಗೆ ಎಳೆಯ ಕಂದು ಕುದುರೆಯೊಂದು ಬಂತು. ಕೊರಳು, ಕಾಲಿಗೆಲ್ಲ ಗೆಜ್ಜೆ. ಅದರ ಮುಖದ ಮುಂದೆಯೇ ಬ್ಯಾಂಡಿನವರು ಊದುತ್ತಿದ್ದರು.

ನಾನು ಹತ್ತಲೆಂದು ತಡಿಯ ರಿಕಾಪಿನಲ್ಲಿ ಕಾಲಿಟ್ಟಿದ್ದೆ. ಕಾಕಾ ಮಂದಿಯ ಹಿಂದಿನಿಂದ ಕೂಗಿದ, “ಇದರ ಹೆಸರೇನೋ?”

“ಗೊತ್ತಿಲ್ರಿ. ನಿನ್ನೆ ಮುದ್ದೇಬಿಹಾಳದಿಂದ ತಂದೇನಿ” ಎಂದ ಕುದುರೆಯವನು.

“ಮಾಸ್ತರ, ಇಳಿ. ಕಿವಿ ಹೆಂಗ ಹಿಂದ ಮಡಚೈತಿ ನೋಡು. ಕಣ್ಣಾಗ ಬಿಳೇದ ಕಾಣತೈತಿ. ಇವತ್ತ ಹತ್ತಬ್ಯಾಡ.”

ನಮ್ಮ ಸೋದರಮಾವ ಸಿಡಿದ. “ಊರಿಗೂರ ನೋಡಾಕತ್ತೈತಿ. ಮದುಮಗ ನಡ್ಕೋತ ಹೋದ್ರ ಬೀಗರ ಮುಂದ ಮಾರಿ ಹೆಂಗ ತೋರಿಸೋದು? ಅಕ್ಕಿಕಾಳಿನ ಹೊತ್ತಾಗೈತಿ, ಹತ್ತೋ!”

ಎರಡೂ ಕಡೆಯವರು ನನ್ನ ಕಾಲನ್ನೇ ನೋಡುತ್ತಿದ್ದರು. ಖರೇ ಹೇಳಬೇಕೆಂದರೆ ನನಗೆ ಹತ್ತಬೇಕೆಂದೇ ಇತ್ತು. ಕಾಕಾನ ಮುಖ ನೋಡಿದೆ. ಮೋರಟಗಿಯ ಬಿಸಿಲಲ್ಲಿ ಆ ಮುಖ ಬಿಳಿಚಿತ್ತು. ಕಾಲು ತೆಗೆದೆ.

ಆಗ ಕಾಕಾ ಕುದುರೆಯ ಹತ್ತಿರ ಬಂದ, ಎಷ್ಟೋ ವರ್ಷದ ಮೇಲೆ ಮೊದಲ ಸಲ. ಗೆಜ್ಜೆಗಳನ್ನು ಒಂದೊಂದಾಗಿ ಬಿಚ್ಚಿದ. ಬ್ಯಾಂಡಿನವರನ್ನು ನೂರು ಹೆಜ್ಜೆ ಮುಂದೆ ಕಳಿಸಿದ. ನನ್ನ ಅಂಗೈಗೆ ಬೆಲ್ಲ ಕೊಟ್ಟು, “ತಿನಸು. ನಿನ್ನ ವಾಸನಿ ಅದಕ್ಕ ಗೊತ್ತಾಗಲಿ” ಎಂದ. ಲಗಾಮಿನ ಒಂದು ಬದಿ ನಾನು, ಇನ್ನೊಂದು ಬದಿ ಕಾಕಾ ಹಿಡಿದು ಹೊರಟೆವು. ಮದುಮಗನೇ ಕುದುರೆಯ ಮೆರವಣಿಗೆ ಮಾಡುತ್ತಿದ್ದಾನೆಂದು ಮಂದಿ ನಕ್ಕರು. ನಾಚಿಕೆಯಿಂದ ನನ್ನ ಕಿವಿಗಳು ಬಿಸಿಯಾಗಿದ್ದವು.

ಊರ ಅಗಸಿಬಾಗಿಲು ದಾಟಿದ್ದೇ ತಡ, ಯಾರೋ ಪಟಾಕಿ ಸರಕ್ಕೆ ಬೆಂಕಿ ಹಚ್ಚಿದರು. ಕುದುರೆ ನೆಟ್ಟಗೆ ಎದ್ದು ನಿಂತಿತು. ತಡಿಯ ಪಟ್ಟಿ ಹರಿದು, ನಾನು ಕೂರಬೇಕಿದ್ದ ತಡಿ ಕಲ್ಲುಕಟ್ಟೆಗೆ ಹೋಗಿ ಬಿತ್ತು. ನಾನು ಲಗಾಮು ಬಿಟ್ಟು ಓಡಿದೆ. ಮುಚ್ಚಿಡುವುದೇನು? ಕಾಕಾ ಬಿಡಲಿಲ್ಲ. ಆ ಕುಂಟುಗಾಲಿನ ಮೇಲೇ ನಿಂತು, ಸಣ್ಣ ದನಿಯಲ್ಲಿ ಏನೇನೋ ಹೇಳುತ್ತ ಅದನ್ನು ನೆಲಕ್ಕಿಳಿಸಿದ. ಸೋದರಮಾವ ಕಲ್ಲುಕಟ್ಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ರುಮಾಲು ತೆಗೆದ.

ಅಕ್ಕಿಕಾಳು ಬಿದ್ದು ಮದುವೆಯಾದ ಮೇಲೆ ನಾವು ಗಂಡಹೆಂಡತಿ ಕಾಕಾನ ಕಾಲು ಮುಟ್ಟಲು ಹುಡುಕಿದೆವು. ಬೇವಿನ ಗಿಡದಡಿ ಕುದುರೆಯ ಮೈ ಉಜ್ಜುತ್ತಿದ್ದ, ಇದೇ ಬ್ರಶ್ಶಿನಿಂದ. ಅದನ್ನು ಜೇಬಿನಲ್ಲಿಟ್ಟುಕೊಂಡೇ ಮದುವೆಗೆ ಬಂದಿದ್ದನಂತೆ. ಮುಖದ ತುಂಬ ನಗು.

“ಬಾದಲ್ ಅಂತ ಹೆಸರಿಟ್ಟೇನಿ ಇದಕ್ಕ” ಎಂದ.

ಆಮೇಲೆ ಇಂಡಿ, ಮನಗೂಳಿ ಅಂತ ಎಲ್ಲಿ ಮದುವೆಯಿದ್ದರೂ ಕಾಕಾನಿಗೆ ಕರೆ ಬರತೊಡಗಿತು. ಆತ ಹೂಂ ಅನ್ನದೆ ವರ ಹತ್ತುವ ಹಾಗಿರಲಿಲ್ಲ. ನಾಲ್ಕು ವರ್ಷ ಹಾಗೆ ತಿರುಗಿದ. ಕೊನೆಯ ಸಲ ಆಸ್ಪತ್ರೆಗೆ ಹೊರಟಾಗ ಬ್ರಶ್ಶನ್ನು ನನ್ನ ಕೈಗಿಟ್ಟ. ತಿರುಗಿ ಬರಲಿಲ್ಲ…

ಮೊನ್ನೆ ಗೊಳಸಂಗಿಯಲ್ಲಿ ತಮ್ಮನ ಮಗನ ಮದುವೆ. ಕುದುರೆಯವನು ಮೂವತ್ತರ ಗಂಡಸು. ಮೊದಲು ಬ್ಯಾಂಡಿನವರನ್ನು ಮುಂದೆ ಕಳಿಸಿದ. ವರನ ಅಂಗೈಗೆ ಬೆಲ್ಲವಿಟ್ಟು, “ಇದರ ಹೆಸರು ರಾಣಿ ಅಂತ್ರಿ. ಕರೀರಿ, ಆಮ್ಯಾಲ ಹತ್ರಿ” ಎಂದ.

ನಾನು ಅವನ ಹತ್ತಿರ ಹೋದೆ. “ಇದನ್ನ ಯಾರ ಕಲಿಸಿದ್ರಪಾ?” ಎಂದೆ.

“ಯಾರೂ ಇಲ್ರಿ. ನಮ್ಮ ಕಡೆ ಮದಲಿಂದ ಹಿಂಗ ಪದ್ಧತಿ ಐತಿ.”

ಸಂತೋಷಕ್ಕೋ ದುಃಖಕ್ಕೋ ಕಣ್ಣು ತುಂಬಿ ಬಂತು. ಚೀಲದಲ್ಲಿದ್ದ ಬ್ರಶ್ಶನ್ನು ತೆಗೆದು ಅವನ ಕೈಗಿಟ್ಟೆ. ಅವನು ಅದನ್ನು ಹೊರಳಿಸಿ ನೋಡಿ, “ಯಾರದ್ರಿ ಇದು?” ಎಂದು ಕೇಳಿದ.

ನಾನು ಕಾಕಾನ ಹೆಸರು ಹೇಳಿದೆ.